ಮುಂಬೈಯಲ್ಲಿ ಫ್ರೆಂಡ್ಸ್ ಸಿಗುವುದು ಎಲ್ಲಿ? ಬ್ಯಾಗ್ ಹೆಗಲಿಗೆ ಹಾಕುವ ಮೊದಲು ಒಂದಿಷ್ಟು ಲೆಕ್ಕ

ಪಿಯುಸಿ ಮುಗಿದು ಎಲ್ಲರೂ ಒಂದೊಂದು ಊರಿಗೆ ಹೋದ ಮೇಲೆ ಪ್ರತಿ ಸೆಮಿಸ್ಟರ್ ರಜೆಗೂ ಗ್ರೂಪಲ್ಲಿ ಒಂದೇ ಮೆಸೇಜು ಬರ್ತದೆ: "ಈ ಸಲ ಸಿಗ್ವಾ?" ಅದಕ್ಕೆ ಏಳೆಂಟು ಥಂಬ್ಸ್ ಅಪ್. ಆಮೇಲೆ ಯಾರೂ ಸಿಗುವುದಿಲ್ಲ. ನಿಮ್ಮ ಗ್ರೂಪಲ್ಲೂ ಇದೇ ಕಥೆ ಇರಬಹುದು.

ನಾವಿಬ್ಬರು ಎರಡು ಸಲ ಬ್ಯಾಗ್ ಹಾಕಿಕೊಂಡು ಮುಂಬೈಗೆ ಹೋದೆವು. ಅಲ್ಲಿ ನಮ್ಮ ಪಿಯುಸಿ ಕ್ಲಾಸಿನ ಮೂರು ಜನ ಇದ್ದಾರೆ. ಮೊದಲ ಸಲ ಆ ಮೂರು ಜನರಲ್ಲಿ ಒಬ್ಬ ಸಿಕ್ಕಿದ, ಅದೂ ಒಂದು ಗಂಟೆ. ಎರಡನೇ ಸಲ ಮೂವರೂ ಸಿಕ್ಕಿದರು, ಐದು ಜನ ಒಟ್ಟಿಗೆ ಮೂರೂವರೆ ಗಂಟೆ ಕೂತೆವು. ದುಡ್ಡು ಎರಡು ಸಲವೂ ಹೆಚ್ಚುಕಡಿಮೆ ಅಷ್ಟೇ ಖರ್ಚಾಯಿತು. ಬದಲಾದದ್ದು ಪ್ಲಾನ್ ಮಾಡಿದ ರೀತಿ. ಅದನ್ನೇ ಇಲ್ಲಿ ಬರೀತಿದ್ದೇವೆ. ಯಾವ ಜಾಗ ನೋಡಬೇಕು ಅನ್ನುವ ಲಿಸ್ಟ್ ಇದರಲ್ಲಿ ಇಲ್ಲ, ಅದು ಎಲ್ಲ ಕಡೆ ಸಿಗ್ತದೆ.

ಹೆಸರು ಬೇಡ. ಮುಂಬೈಯಲ್ಲಿ ಹೇಗೂ ಜನರನ್ನು ಸ್ಟೇಷನ್ ಹೆಸರಿನಿಂದಲೇ ಗುರುತಿಸ್ತಾರೆ, ನಾವೂ ಹಾಗೇ ಮಾಡ್ತೇವೆ: ಬೊರಿವಲಿಯವ, ಡೊಂಬಿವಲಿಯವಳು, ವಾಶಿಯವ.

ಮೊದಲ ಸಲ ಮಾಡಿದ ತಪ್ಪು

"ಗುರುವಾರ ಸಂಜೆ 7 ಗಂಟೆ, ಮರೀನ್ ಡ್ರೈವ್" ಅಂತ ಗ್ರೂಪಲ್ಲಿ ಹಾಕಿದೆವು. ಸಿನಿಮಾದಲ್ಲಿ ನೋಡಿದ ಜಾಗ, ಫೋಟೋ ಚೆನ್ನಾಗಿ ಬರ್ತದೆ, ಮತ್ತೇನು ಬೇಕು? ವಾಶಿಯವ ಎಂಟೂವರೆಗೆ ಬಂದ, ಒಂಬತ್ತೂವರೆಗೆ ಹೊರಟ. ಡೊಂಬಿವಲಿಯವಳು "ವಾಪಸ್ ಬರುವಾಗ ತುಂಬ ಲೇಟ್ ಆಗ್ತದೆ" ಅಂದಳು. ಬೊರಿವಲಿಯವ "ಮುಂದಿನ ಸಲ ಮಾರಾಯ" ಅಂತ ಮಾತ್ರ ಬರೆದ. ವಾಪಸ್ ಬರುವ ಟ್ರೈನಲ್ಲಿ ನಮಗೆ ಬೇಜಾರು. ಇಷ್ಟು ದೂರದಿಂದ ನಾವು ಬಂದರೆ ಅದೇ ಊರಲ್ಲಿ ಇರುವವರಿಗೆ ಬರ್ಲಿಕ್ಕೆ ಆಗುದಿಲ್ವಾ?

"ಅದೇ ಊರು" ಅನ್ನುವುದೇ ನಮ್ಮ ತಪ್ಪು. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಊರಿನ ಆಕಾರ ನೋಡಬೇಕು.

ಊರು ಉದ್ದ ಉಂಟು, ಅಗಲ ಇಲ್ಲ

ಹಳೆಯ ಮುಂಬೈ ಏಳು ದ್ವೀಪಗಳು. ನಡುವಿನ ನೀರನ್ನು ತುಂಬಿಸುತ್ತಾ ತುಂಬಿಸುತ್ತಾ ಒಂದೇ ನೆಲ ಮಾಡಿದರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಬಂದರು ಮತ್ತು ಥಾಣೆ ಕ್ರೀಕ್. ಹಾಗಾಗಿ ಊರು ಬೆಳೆಯಲು ಇದ್ದ ದಾರಿ ಉತ್ತರಕ್ಕೆ ಮಾತ್ರ, ಆಮೇಲೆ ಕ್ರೀಕ್ ದಾಟಿ ನವಿ ಮುಂಬೈ ಕಡೆಗೆ. ಬೆಂಗಳೂರು ಮಧ್ಯದಿಂದ ಸುತ್ತ ಹರಡಿದ ಊರು. ಮುಂಬೈ ದಕ್ಷಿಣದ ತುದಿಯಿಂದ ಮೇಲಕ್ಕೆ ಎಳೆದ ಗೆರೆಗಳ ಊರು.

ಆ ಗೆರೆಗಳೇ ರೈಲ್ವೆ ಲೈನುಗಳು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಥಾಣೆಗೆ, ಸುಮಾರು 34 ಕಿಲೋಮೀಟರ್ ಓಡಿದ್ದು ಇಲ್ಲೇ. ಈಗ ಹೊಸಬರು ಮುಖ್ಯವಾಗಿ ನೆನಪಿಡಬೇಕಾದದ್ದು ಮೂರು. ವೆಸ್ಟರ್ನ್ ಲೈನ್ ಚರ್ಚ್‌ಗೇಟ್‌ನಿಂದ ಹೊರಟು ಅಂಧೇರಿ, ಬೊರಿವಲಿ, ವಿರಾರ್ ಕಡೆ ಹೋಗ್ತದೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ ಕುರ್ಲಾ, ಘಾಟ್ಕೋಪರ್, ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆ. ಹಾರ್ಬರ್ ಲೈನ್ ಕೂಡ ಸಿಎಸ್‌ಎಂಟಿಯಿಂದ ಹೊರಟು ಕುರ್ಲಾ ಮುಟ್ಟಿ, ಕ್ರೀಕ್ ದಾಟಿ ವಾಶಿ, ಪನ್ವೇಲ್ ಕಡೆ.

ಈಗ ನಮ್ಮ ಮೂವರು ಎಲ್ಲಿದ್ದಾರೆ ನೋಡಿ. ಒಬ್ಬ ವೆಸ್ಟರ್ನ್, ಒಬ್ಬಳು ಸೆಂಟ್ರಲ್, ಒಬ್ಬ ಹಾರ್ಬರ್. ಮ್ಯಾಪಲ್ಲಿ ಬೊರಿವಲಿ ಮತ್ತು ಥಾಣೆ ಅಕ್ಕಪಕ್ಕ ಕಾಣ್ತವೆ. ಆದರೆ ಎರಡರ ನಡುವೆ 100 ಚದರ ಕಿಲೋಮೀಟರಿಗೂ ಹೆಚ್ಚಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಕೂತಿದೆ. ಲೋಕಲ್ ಟ್ರೈನಲ್ಲೇ ಹೋಗುವುದಾದರೆ ಬೊರಿವಲಿಯಿಂದ ಕೆಳಗೆ ದಾದರ್‌ವರೆಗೆ ಬಂದು, ಲೈನ್ ಬದಲಿಸಿ, ಮತ್ತೆ ಮೇಲಕ್ಕೆ ಹೋಗಬೇಕು. ಕಾಡಿನ ಆಚೆ ಬದಿಗೆ ಹೋಗ್ಲಿಕ್ಕೆ ಊರಿನ ಅರ್ಧ ಸುತ್ತಬೇಕು. ಮುಂಬೈಯಲ್ಲಿ ದೂರ ಅಂದರೆ ಕಿಲೋಮೀಟರ್ ಅಲ್ಲ. ಯಾವ ಲೈನು, ಎಷ್ಟು ಸಲ ಬದಲಿಸಬೇಕು, ಎಷ್ಟು ಗಂಟೆಗೆ, ಈ ಮೂರು ಸೇರಿದರೆ ದೂರ.

ಲೋಕಲ್ ಓದುವುದು ಹೇಗೆ

ಪ್ಲಾಟ್‌ಫಾರ್ಮಿನ ಇಂಡಿಕೇಟರ್‌ನಲ್ಲಿ ನಾಲ್ಕು ವಿಷಯ ಇರ್ತವೆ: ಟ್ರೈನು ಎಲ್ಲಿಯವರೆಗೆ, ಫಾಸ್ಟಾ ಸ್ಲೋನಾ, ಎಷ್ಟು ಡಬ್ಬಿ, ಎಷ್ಟು ನಿಮಿಷಕ್ಕೆ ಬರ್ತದೆ. ಸ್ಲೋ ಎಲ್ಲ ಸ್ಟೇಷನ್‌ಗಳಲ್ಲಿ ನಿಲ್ತದೆ. ಫಾಸ್ಟ್ ದೊಡ್ಡ ಸ್ಟೇಷನ್‌ಗಳಲ್ಲಿ ಮಾತ್ರ. ದಾದರ್, ಕುರ್ಲಾ, ಘಾಟ್ಕೋಪರ್ ದೊಡ್ಡವು. ಮಾಟುಂಗ ಸಣ್ಣದು, ಅಲ್ಲಿಗೆ ಸ್ಲೋ ಹಿಡಿಯಬೇಕು.

ಟ್ರೈನು ಸ್ಟೇಷನಲ್ಲಿ ನಿಲ್ಲುವುದು ಅರ್ಧ ನಿಮಿಷದ ಲೆಕ್ಕದಲ್ಲಿ. ಅಷ್ಟು ಬೇಗ ನಿಂತು ಹೊರಡಲು ಆಗುವುದು ಇದು ಇಎಂಯು ಆಗಿರುವುದರಿಂದ. ಮುಂದೆ ಒಂದೇ ಎಂಜಿನ್ ಎಳೆಯುವುದಿಲ್ಲ, ಮೋಟಾರುಗಳು ಬೇರೆ ಬೇರೆ ಡಬ್ಬಿಗಳ ಅಡಿಯಲ್ಲಿ ಹಂಚಿಕೊಂಡಿವೆ. ಹಾಗಾಗಿ ವೇಗ ಕೂಡಲೇ ಏರ್ತದೆ, ಕೂಡಲೇ ಇಳೀತದೆ. ಇಲ್ಲಿನ ಮೊದಲ ಎಲೆಕ್ಟ್ರಿಕ್ ಟ್ರೈನು 1925ರ ಫೆಬ್ರವರಿ 3ರಂದು ಹಾರ್ಬರ್ ಲೈನಲ್ಲಿ ಕುರ್ಲಾವರೆಗೆ ಓಡಿತು, 1500 ವೋಲ್ಟ್ ಡಿಸಿಯಲ್ಲಿ. ಈಗ ಎಲ್ಲ 25 ಕಿಲೋವೋಲ್ಟ್ ಎಸಿ. ಇಇಇ ಬ್ರಾಂಚಿನವರಿಗೆ ಖುಷಿ ಆಗಬಹುದು. ಬ್ಯಾಗ್ ಹಾಕಿಕೊಂಡವರಿಗೆ ಇದರ ಅರ್ಥ ಒಂದೇ: ಇಳಿಯಲು ಸಿಗುವ ಸಮಯ ತುಂಬ ಕಡಿಮೆ. ಇಳಿಯುವ ಒಂದು ಸ್ಟೇಷನ್ ಮೊದಲೇ ಎದ್ದು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರ್ತದೆ ಕೇಳಿ, ಆ ಬಾಗಿಲಿನ ಸಾಲಲ್ಲಿ ನಿಲ್ಲಬೇಕು.

ಜನರ ಹರಿವಿಗೂ ದಿಕ್ಕು ಉಂಟು. ಬೆಳಿಗ್ಗೆ ದೊಡ್ಡ ರಶ್ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ. ಎಂಟರಿಂದ ಹನ್ನೊಂದು, ಐದರಿಂದ ಒಂಬತ್ತು, ಈ ಹೊತ್ತಲ್ಲಿ ಬ್ಯಾಗ್ ಸಮೇತ ಹತ್ತುವುದೇ ಬೇಡ. ಇನ್ನೊಂದು ಮಾತು ಅಲ್ಲಿಯವರು ಎಲ್ಲ ಹೊಸಬರಿಗೂ ಹೇಳ್ತಾರೆ: ಸಂಜೆ ಬೊರಿವಲಿಗೆ ಹೋಗುವವರು ವಿರಾರ್ ಫಾಸ್ಟ್ ಹತ್ತಬಾರದು. ಹತ್ತಿದರೂ ಬೊರಿವಲಿಯಲ್ಲಿ ಬಾಗಿಲವರೆಗೆ ಬರುವುದು ಕಷ್ಟ. ಬೊರಿವಲಿ ಲೋಕಲ್‌ಗೇ ಕಾಯಬೇಕು.

ಬ್ಯಾಗಿನ ವಿಷಯ

ಟ್ರೆಕ್‌ಗೆ ತಗೊಂಡು ಹೋಗುವ ದೊಡ್ಡ ಬ್ಯಾಗ್ ಇಲ್ಲಿ ಬೇಡ. ಲೋಕಲ್‌ನಲ್ಲಿ ಬ್ಯಾಗನ್ನು ಬೆನ್ನಿಗೆ ಹಾಕುವುದಿಲ್ಲ, ಎದೆಗೆ ಹಾಕ್ತಾರೆ. ಬೆನ್ನಲ್ಲಿ ಇದ್ದರೆ ಹಿಂದಿನವರ ಮುಖಕ್ಕೆ ತಾಗ್ತದೆ, ಜಿಪ್ ಯಾರು ತೆಗೆದರೂ ಗೊತ್ತಾಗುವುದಿಲ್ಲ. ಎದೆಗೆ ಹಾಕಿ ಆಚೆ ಈಚೆ ನೋಡ್ಲಿಕ್ಕೆ ಆಗುವಷ್ಟೇ ದೊಡ್ಡ ಬ್ಯಾಗ್ ಸಾಕು. ಎರಡು ಜೊತೆ ಬಟ್ಟೆ, ಟವೆಲ್, ಚಾರ್ಜರ್, ನೀರಿನ ಬಾಟಲಿ.

ದೊಡ್ಡ ಸ್ಟೇಷನ್‌ಗಳಲ್ಲಿ ಕ್ಲೋಕ್ ರೂಮ್ ಇದೆ. ಅಲ್ಲಿ ಬ್ಯಾಗ್ ಇಡಲು ಪ್ರಯಾಣದ ಟಿಕೆಟ್ ಬೇಕು, ಬ್ಯಾಗಿಗೆ ಬೀಗ ಇರಬೇಕು. ಒಂದು ಸಣ್ಣ ಬೀಗ ಊರಿಂದಲೇ ತಗೊಂಡು ಹೋದರೆ ಒಳ್ಳೇದು. ದಿನಕ್ಕೆ ನಾಲ್ಕೈದು ಸಲ ಲೋಕಲ್ ಹತ್ತುವವರಿಗೆ ಒಂದು, ಮೂರು, ಐದು ದಿನದ ಟೂರಿಸ್ಟ್ ಟಿಕೆಟ್ ಸಿಗ್ತದೆ. ಪ್ರತಿ ಸಲ ಕ್ಯೂ ನಿಲ್ಲುವ ಕೆಲಸ ತಪ್ತದೆ. ಸೆಕೆಂಡ್ ಕ್ಲಾಸ್ ಟಿಕೆಟಲ್ಲಿ ಗೊತ್ತಿಲ್ಲದೆ ಫಸ್ಟ್ ಕ್ಲಾಸಿಗೆ ಹತ್ತಿದರೆ ದಂಡ, "ಹೊಸಬರು ಸರ್" ಅಂದರೆ ನಡೆಯುವುದಿಲ್ಲ.

ನಾವು ಕರಾವಳಿಯಿಂದ ಮತ್ಸ್ಯಗಂಧದಲ್ಲಿ ಹೋದೆವು. ಮಧ್ಯಾಹ್ನ ಹತ್ತಿದರೆ ಮರುದಿನ ಬೆಳಿಗ್ಗೆ ಮುಂಬೈ. ಅದು ಥಾಣೆಯಲ್ಲಿ ನಿಂತು ಎಲ್‌ಟಿಟಿಗೆ ಹೋಗ್ತದೆ. ಡೊಂಬಿವಲಿ, ಕಲ್ಯಾಣ್ ಕಡೆ ಉಳಿಯುವವರು ಥಾಣೆಯಲ್ಲೇ ಇಳಿಯಬೇಕು, ಎಲ್‌ಟಿಟಿವರೆಗೆ ಹೋಗಿ ವಾಪಸ್ ಬರುವುದು ದಂಡ. ಬೆಂಗಳೂರು, ರಾಯಚೂರು, ಕಲಬುರಗಿ ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, ಅದು ಸೀದಾ ಸಿಎಸ್‌ಎಂಟಿಗೆ.

ಎಲ್ಲಿ ಸಿಗುವುದು: ಈಗ ಲೆಕ್ಕ

ಎರಡನೇ ಸಲ ಹೋಗುವ ಮೊದಲು ಹಾಸ್ಟೆಲಲ್ಲಿ ಕೂತು ಒಂದು ಪೇಪರಲ್ಲಿ ಮೂರು ಲೈನ್ ಎಳೆದೆವು. ಪ್ರತಿಯೊಬ್ಬರಿಗೂ ಎಷ್ಟು ನಿಮಿಷ ಬೇಕು ಅಂತ ಬರೆದೆವು. ಒಂದು ಸಲ ಟ್ರೈನ್ ಬದಲಿಸಿದರೆ 10 ನಿಮಿಷ ಸೇರಿಸಿದೆವು. ಎಲ್ಲ ಅಂದಾಜು, ಆದರೆ ಹೋಲಿಸಲು ಸಾಕು.

ಮರೀನ್ ಡ್ರೈವ್ ಆದರೆ ಬೊರಿವಲಿಯವನಿಗೆ 50 ನಿಮಿಷ, ಡೊಂಬಿವಲಿಯವಳಿಗೆ ಸಿಎಸ್‌ಎಂಟಿವರೆಗೆ 70 ಮತ್ತು ಅಲ್ಲಿಂದ ಮುಂದಕ್ಕೆ 20, ವಾಶಿಯವನಿಗೆ 50 ಮತ್ತು 20. ಒಟ್ಟು 210, ಅತಿ ಹೆಚ್ಚು ಕಷ್ಟ ಪಡುವವರಿಗೆ 90. ಬೊರಿವಲಿಯವನ ಮನೆಗೇ ಎಲ್ಲರೂ ಹೋದರೆ ಅವನಿಗೆ ಸೊನ್ನೆ, ಡೊಂಬಿವಲಿಯವಳಿಗೆ 95, ವಾಶಿಯವನಿಗೆ 90. ಒಟ್ಟು 185.

ನೋಡಿ, ಒಟ್ಟು ಮಾತ್ರ ನೋಡಿದರೆ ಬೊರಿವಲಿ ಮರೀನ್ ಡ್ರೈವ್‌ಗಿಂತ ಒಳ್ಳೇದು. ಆದರೆ ಹಾಗೆ ಮಾಡಿದರೆ ಇಬ್ಬರು ಒಂದೂವರೆ ಗಂಟೆ ಒದ್ದಾಡಬೇಕು. ಆಪ್ಟಿಮೈಸೇಷನ್‌ನಲ್ಲಿ ಇದೇ ಪ್ರಶ್ನೆ ಬರ್ತದೆ: ಒಟ್ಟು ದೂರ ಕಡಿಮೆ ಮಾಡುವುದಾ, ಅತಿ ದೂರದವರ ದೂರ ಕಡಿಮೆ ಮಾಡುವುದಾ? ಒಂದೇ ಗೆರೆ ಮೇಲೆ ಮೂರು ಜನ ಇದ್ದರೆ ಒಟ್ಟು ಕಡಿಮೆ ಆಗುವುದು ಮಧ್ಯದವನ ಮನೆಯಲ್ಲಿ, ಅದು ಮೀಡಿಯನ್. ಅತಿ ದೂರದವರ ಕಷ್ಟ ಕಡಿಮೆ ಆಗುವುದು ಎರಡು ತುದಿಗಳ ಸರಿ ನಡುವಲ್ಲಿ, ಅದು ಸೆಂಟರ್. ಗೋಡೌನ್ ಎಲ್ಲಿ ಕಟ್ಟಬೇಕು ಅಂದರೆ ಮೊದಲನೆಯದು ಸರಿ. ಫೈರ್ ಸ್ಟೇಷನ್ ಎಲ್ಲಿ ಕಟ್ಟಬೇಕು ಅಂದರೆ ಎರಡನೆಯದು. ಫ್ರೆಂಡ್ಸ್ ಸಿಗುವುದಕ್ಕೆ ಫೈರ್ ಸ್ಟೇಷನ್ ಲೆಕ್ಕವೇ ಸರಿ. ಯಾಕೆಂದರೆ "ಈ ಸಲ ಆಗುದಿಲ್ಲ" ಅನ್ನುವುದು ಯಾವಾಗಲೂ ಅತಿ ದೂರ ಇರುವವರು.

ಲೈನ್ ಕೂಡುವ ಜಾಗ ನೋಡಿದೆವು. ದಾದರ್‌ನಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಸಿಗ್ತವೆ. ಕುರ್ಲಾದಲ್ಲಿ ಸೆಂಟ್ರಲ್, ಹಾರ್ಬರ್. ಘಾಟ್ಕೋಪರ್‌ಗೆ 2014ರಲ್ಲಿ ಶುರುವಾದ ಮೆಟ್ರೋ ಲೈನ್ 1 ಅಂಧೇರಿಯಿಂದ ಬರ್ತದೆ. ಘಾಟ್ಕೋಪರ್ ಆದರೆ ಬೊರಿವಲಿಯವನಿಗೆ 50, ಡೊಂಬಿವಲಿಯವಳಿಗೆ 40, ವಾಶಿಯವನಿಗೆ 40. ಒಟ್ಟು 130. ಮಾಟುಂಗ ಆದರೆ 50, 60, 40. ಒಟ್ಟು 150.

ಲೆಕ್ಕದಲ್ಲಿ ಗೆದ್ದದ್ದು ಘಾಟ್ಕೋಪರ್. ನಾವು ಆರಿಸಿದ್ದು ಮಾಟುಂಗ. ಕಾರಣ, ನಮ್ಮ ಲೆಕ್ಕದಲ್ಲಿ ಒಂದು ವಿಷಯ ಇರಲೇ ಇಲ್ಲ: ಹೋದ ಮೇಲೆ ಕೂತುಕೊಳ್ಳುವುದು ಎಲ್ಲಿ? ಮೂರು ಗಂಟೆ ಕೂತರೂ ಯಾರೂ ಎಬ್ಬಿಸದ, ಏನೂ ಆರ್ಡರ್ ಮಾಡದೆ ಕೂರಬಹುದಾದ ಜಾಗ ಬೇಕು. ಮಾಟುಂಗ ಪೂರ್ವದಲ್ಲಿ ಫೈವ್ ಗಾರ್ಡನ್ಸ್ ಉಂಟು, ಮರ ಉಂಟು, ಬೆಂಚು ಉಂಟು.

ಸ್ಟೇಷನ್ ಸಣ್ಣದಾಗಿದ್ದೂ ಒಳ್ಳೇದೇ ಆಯಿತು. ದೊಡ್ಡ ಜಂಕ್ಷನಲ್ಲಿ ಒಬ್ಬರನ್ನೊಬ್ಬರು ಹುಡುಕುವುದಕ್ಕೇ ಅರ್ಧ ಗಂಟೆ ಬೇಕು. ದಾದರ್‌ನಲ್ಲಂತೂ ಮೊದಲು ವೆಸ್ಟರ್ನ್‌ಗೂ ಒಂದನೇ ಪ್ಲಾಟ್‌ಫಾರ್ಮ್, ಸೆಂಟ್ರಲ್‌ಗೂ ಒಂದನೇ ಪ್ಲಾಟ್‌ಫಾರ್ಮ್ ಇತ್ತು. 2023ರ ಡಿಸೆಂಬರ್‌ನಲ್ಲಿ ಸೆಂಟ್ರಲ್‌ನವಕ್ಕೆ 8ರಿಂದ 14 ಅಂತ ನಂಬರ್ ಕೊಟ್ಟು ಆ ಗೊಂದಲ ತಪ್ಪಿಸಿದರು. ಮಾಟುಂಗ ಸ್ಟೇಷನ್ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುವ ಸ್ಟೇಷನ್ ಅಂತ 2017ರಲ್ಲಿ ಸುದ್ದಿಯಾಗಿತ್ತು. ಡೊಂಬಿವಲಿಯವಳಿಗೆ ಈ ವಿಷಯ ನಮಗಿಂತ ಮೊದಲೇ ಗೊತ್ತಿತ್ತು.

ಯಾವಾಗ: ಬರುವ ಟೈಮ್ ಅಲ್ಲ, ವಾಪಸ್ ಹೋಗುವ ಟೈಮ್

ಸಿಗುವ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಡೊಂಬಿವಲಿಯವಳು ರಾತ್ರಿ ಒಂಬತ್ತೂವರೆ ಒಳಗೆ ಮನೆಯಲ್ಲಿ ಇರಬೇಕು. ಅಂದರೆ ಎಂಟೂಕಾಲಿಗೆ ಏಳಬೇಕು. ಲೋಕಲ್‌ಗಳು ರಾತ್ರಿ ಸುಮಾರು ಒಂದರವರೆಗೆ ಓಡ್ತವೆ, ಆಮೇಲೆ ಬೆಳಗಿನ ಜಾವ ನಾಲ್ಕರವರೆಗೆ ಇಲ್ಲ. ಆದರೆ ಟ್ರೈನು ಉಂಟು ಅನ್ನುವುದೂ ಅದರಲ್ಲಿ ಒಬ್ಬಳೇ ಆರಾಮಾಗಿ ಹೋಗಬಹುದು ಅನ್ನುವುದೂ ಬೇರೆ ಬೇರೆ ವಿಷಯ. ಮೊದಲ ಸಲ ನಾವು ಇದನ್ನು ಯೋಚನೆಯೇ ಮಾಡಿರಲಿಲ್ಲ.

ಭಾನುವಾರ ಇನ್ನೊಂದು ತೊಂದರೆ ಇದೆ, ಮೆಗಾ ಬ್ಲಾಕ್. ದಿನವಿಡೀ ಓಡುವ ಹಳಿಗಳ ರಿಪೇರಿ ಮಾಡಲು ಭಾನುವಾರ ಹಗಲು ಕೆಲವು ಲೈನ್‌ಗಳನ್ನು ನಾಲ್ಕೈದು ಗಂಟೆ ಮುಚ್ಚುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ ಅಂತ ಮೊದಲೇ ಪ್ರಕಟಿಸ್ತಾರೆ. ಶನಿವಾರ ರಾತ್ರಿ ಅದನ್ನು ನೋಡದೆ ಭಾನುವಾರದ ಪ್ಲಾನ್ ಹಾಕಬಾರದು.

ನಾವು ಭಾನುವಾರ ಮಧ್ಯಾಹ್ನ ಊಟಕ್ಕೆ ಸಿಗೋಣ ಅಂದೆವು. ಬೊರಿವಲಿಯವ ಒಪ್ಪಲಿಲ್ಲ. "ನಾಲ್ಕೂವರೆ ಮೇಲೆ ಆದ್ರೆ ಬರ್ತೇನೆ. ಇಲ್ದಿದ್ರೆ ಮಂಗಳವಾರ." ಇಂಜಿನಿಯರಿಂಗ್ ಓದುವವನಿಗೆ ಭಾನುವಾರ ಮಧ್ಯಾಹ್ನ ಎಂತ ಕೆಲಸ ಅಂತ ಎಲ್ಲರೂ ನಕ್ಕೆವು. ಬ್ಲಾಕ್ ಕೂಡ ಅಷ್ಟೊತ್ತಿಗೆ ಮುಗಿಯುತ್ತಿತ್ತು, ಹಾಗಾಗಿ ನಾಲ್ಕೂವರೆ ಅಂತ ಇಟ್ಟೆವು.

ಉಳಿಯುವುದು

ಫ್ರೆಂಡ್ ಮನೆಯಲ್ಲಿ ಉಳಿಯುವುದಾದರೆ ಮನೆ ಎಷ್ಟು ದೊಡ್ಡದು ಅಂತ ಸಂಕೋಚ ಇಲ್ಲದೆ ಮೊದಲೇ ಕೇಳಬೇಕು. ಒಂದು ರೂಮು, ಒಂದು ಕಿಚನ್ ಇರುವ ಮನೆಗೆ ಅಲ್ಲಿ 1 ಆರ್‌ಕೆ ಅಂತಾರೆ. ಅಂಥ ಮನೆಯಲ್ಲಿ ಎರಡು ಜನ ಹೆಚ್ಚಾದರೆ ಅಪ್ಪ ಅಮ್ಮ ಮಲಗುವ ಜಾಗ ಬದಲಾಗ್ತದೆ. ಬೇಡ ಅಂತ ಅವರು ಹೇಳುವುದಿಲ್ಲ, ನಾವೇ ಅರ್ಥ ಮಾಡಿಕೊಳ್ಳಬೇಕು. ನಾವು ಎರಡು ರಾತ್ರಿ ವಾಶಿಯವನ ರೂಮಲ್ಲಿ ಉಳಿದೆವು. ಡೊಂಬಿವಲಿಯ ಮನೆಗೆ ಬೆಳಿಗ್ಗೆ ತಿಂಡಿಗೆ ಮಾತ್ರ ಹೋದೆವು. ಊರಿಂದ ಹಲಸಿನ ಹಪ್ಪಳ ತಗೊಂಡು ಹೋಗಿದ್ದೆವು. ಅವಳ ಅಮ್ಮ ಪ್ಯಾಕೆಟ್ ಮೂಸಿ ನೋಡಿದ್ದು ಇನ್ನೂ ನೆನಪಿದೆ.

ಮಾಟುಂಗದ ಆ ಸಂಜೆ

ಮಾಟುಂಗದಲ್ಲಿ ಕಾಲಿಟ್ಟರೆ ಕನ್ನಡ, ತುಳು, ಕೊಂಕಣಿ, ತಮಿಳು ಕಿವಿಗೆ ಬೀಳ್ತದೆ. ಎ. ರಾಮ ನಾಯಕ್ ಅವರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ ಹತ್ತಿರವೇ ಇದೆ. ನಾವು ಪಕ್ಕದ ಒಂದು ಸಣ್ಣ ಹೋಟೆಲಲ್ಲಿ ಕಾಫಿ ಕುಡಿದು ಗಾರ್ಡನ್ ಕಡೆ ನಡೆದೆವು. ಆಗ ಒಂದು ವಿಷಯ ಗೊತ್ತಾಯಿತು. ಬೊರಿವಲಿಯವ ಮತ್ತು ಡೊಂಬಿವಲಿಯವಳು ಒಬ್ಬರನ್ನೊಬ್ಬರು ನೋಡಿ ಹದಿನಾಲ್ಕು ತಿಂಗಳಾಗಿತ್ತು. "ನಾವು ಮುಂಬೈಗೆ ಹೋಗಿ ಫ್ರೆಂಡ್ಸನ್ನು ನೋಡ್ತೇವೆ" ಅಂತ ಅಂದುಕೊಂಡಿದ್ದೆವು. ಅವರೂ ಒಬ್ಬರನ್ನೊಬ್ಬರು ನೋಡದೆ ಇದ್ದರು.

ಮೊದಲ ಎರಡು ಗಂಟೆ ಹಳೆ ಲೆಕ್ಚರರ್‌ಗಳ ಮಿಮಿಕ್ರಿ, ಯಾರ ಸಿಜಿಪಿಎ ಎಷ್ಟು, ಅದೇ. ಕತ್ತಲಾಗುವ ಹೊತ್ತಿಗೆ ಬೊರಿವಲಿಯವ ಹೇಳಿದ: "ನಾನು ಕಾಲೇಜು ಬಿಟ್ಟು ಎಂಟು ತಿಂಗಳಾಯ್ತು. ಮಾವನ ಹೋಟೆಲಲ್ಲಿ ಇದ್ದೇನೆ, ಕೌಂಟರಲ್ಲಿ. ಮಂಗಳವಾರ ರಜೆ."

ಯಾರೂ ಮಾತಾಡಲಿಲ್ಲ. ಭಾನುವಾರ ಮಧ್ಯಾಹ್ನ ಊಟದ ರಶ್, ಗುರುವಾರ ಸಂಜೆ 7 ಗಂಟೆಗೆ ಅವನಿಗೆ ಬರ್ಲಿಕ್ಕೆ ಆಗದಿದ್ದದ್ದು, ಎಲ್ಲ ಒಟ್ಟಿಗೆ ಅರ್ಥ ಆಯಿತು. ಎಂಟು ತಿಂಗಳಿಂದ ಗ್ರೂಪಲ್ಲಿ "ಎಲ್ಲ ಆರಾಮ್" ಅಂತ ಬರೀತಿದ್ದ. ನಾವು ಅದಕ್ಕೆ ಹಾರ್ಟ್ ಹಾಕ್ತಿದ್ದೆವು.

"ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?" ಅಂತ ಡೊಂಬಿವಲಿಯವಳು ಸ್ವಲ್ಪ ಜೋರಾಗಿಯೇ ಕೇಳಿದಳು.

"ಗ್ರೂಪಲ್ಲಿ ಹೇಗೆ ಹೇಳುದು ಮಾರಾಯ್ತಿ? ಎಲ್ಲರೂ ಇಂಟರ್ನ್‌ಶಿಪ್ ಅಂತ ಹಾಕುವಾಗ."

ಕರಾವಳಿಯಿಂದ ಹೋದ ಎಷ್ಟೋ ಹುಡುಗರು ಹಿಂದೆ ಮುಂಬೈಯಲ್ಲಿ ಹಗಲು ಹೋಟೆಲಲ್ಲಿ ಕೆಲಸ ಮಾಡಿ, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದರು. ಅದನ್ನು ಊರಲ್ಲಿ ಹೆಮ್ಮೆಯಿಂದ ಹೇಳ್ತಾರೆ. ಆದರೆ ಪಕ್ಕದಲ್ಲಿ ಕೂತವನಿಗೆ ಆವತ್ತು ಅದನ್ನು ಹೇಳಿ ಸಮಾಧಾನ ಮಾಡಲು ನಮಗೆ ಬಾಯಿ ಬರಲಿಲ್ಲ. ವಾಶಿಯವ ಮಾತ್ರ ಪ್ರಾಕ್ಟಿಕಲ್. ಬಾಕಿ ಇರುವ ಸಬ್ಜೆಕ್ಟ್ ಎಷ್ಟು, ಮತ್ತೆ ಸೇರಲು ಏನು ನಿಯಮ ಅಂತ ಕೇಳಿ ಫೋನಲ್ಲಿ ನೋಟ್ ಮಾಡಿಕೊಂಡ. ಎಂಟೂಕಾಲು ಆದದ್ದು ಗೊತ್ತಾಗಲಿಲ್ಲ. ಎಲ್ಲರೂ ಓಡಿಕೊಂಡು ಸ್ಟೇಷನ್‌ಗೆ ಹೋದೆವು.

ಈ ಮಾತು ಮರೀನ್ ಡ್ರೈವ್‌ನ ಒಂದು ಗಂಟೆಯಲ್ಲಿ ಬರ್ತಿರಲಿಲ್ಲ. ಫೋನಲ್ಲಂತೂ ಬಂದೇ ಇರಲಿಲ್ಲ. ಹಾಗಾಗಿ ನಮ್ಮ ಲೆಕ್ಕಕ್ಕೆ ಈಗ ಇನ್ನೊಂದು ಕಂಡೀಷನ್ ಸೇರಿಸಿದ್ದೇವೆ: ಎಲ್ಲರೂ ಬಂದ ಮೇಲೆ ಕೂರಲು ಕನಿಷ್ಠ ಮೂರು ಗಂಟೆ ಉಳಿಯಬೇಕು. ಉಳಿಯದಿದ್ದರೆ ಜಾಗ ಬದಲಿಸಬೇಕು, ಇಲ್ಲವೇ ದಿನ ಬದಲಿಸಬೇಕು. ನೋಡುವ ಜಾಗಗಳನ್ನು ಆ ಮೂರು ಗಂಟೆಯ ಆಚೆ ಈಚೆ ಇಟ್ಟುಕೊಳ್ಳಬಹುದು. ಗೇಟ್‌ವೇ ಎಲ್ಲೂ ಹೋಗುವುದಿಲ್ಲ.

ಇನ್ನೊಂದು, ಊರಲ್ಲೇ ಇರುವವರಿಗೆ ಸಿಗಲು ನೆಪ ಇರುವುದಿಲ್ಲ. ಹೊರಗಿಂದ ಬ್ಯಾಗ್ ಹಾಕಿಕೊಂಡು ಬರುವವರೇ ಆ ನೆಪ. ನಿಮ್ಮ ಫ್ರೆಂಡ್ಸ್ ಪುಣೆಯಲ್ಲಿ, ಹೈದರಾಬಾದಿನಲ್ಲಿ, ಬೆಂಗಳೂರಲ್ಲಿ ಇರಬಹುದು. ಎಲ್ಲ ಕಡೆ ಲೈನ್ ಬೇರೆ, ಲೆಕ್ಕ ಅದೇ. ಜಾಗ ನೀವೇ ಆರಿಸಿ, ಅತಿ ದೂರ ಇರುವವರನ್ನು ಮೊದಲು ಕೇಳಿ.

ಬೊರಿವಲಿಯವ ಕಳೆದ ತಿಂಗಳು ಗ್ರೂಪಲ್ಲಿ ಒಂದು ಫೋಟೋ ಹಾಕಿದ. ಮಾಟುಂಗದ ಅದೇ ಬೆಂಚು, ಪಕ್ಕದಲ್ಲಿ ಡೊಂಬಿವಲಿಯವಳು, ವಾಶಿಯವ. ನಾವು ಅದರಲ್ಲಿ ಇರಲಿಲ್ಲ. ಮಂಗಳವಾರ ಸಂಜೆ ತೆಗೆದದ್ದು.